ಬದುಕಿದ್ದವಳಿಗೂ ಒಂದು ಟಿಕೆಟ್

ವರ್ಷದ ಕೊನೆ ಬಂತೆಂದರೆ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಒಂದು ಸಂತರ್ಪಣೆ ಶುರುವಾಗುತ್ತದೆ. ವರ್ಷದ ಹತ್ತು ಶ್ರೇಷ್ಠ ಚಿತ್ರಗಳು, ಗಲ್ಲಾಪೆಟ್ಟಿಗೆ ಕೊಳ್ಳೆ ಹೊಡೆದ ಐದು ಚಿತ್ರಗಳು, ಮತ್ತೆ ಮತ್ತೆ ನೋಡಬೇಕಾದ ಮೂರು ಚಿತ್ರಗಳು... ಇವನ್ನು ಬಡಿಸುವವರು ಬಹುಮಟ್ಟಿಗೆ ಗಂಡಸರು. ಯಾವ ನಾಯಕನ 'ಎಂಟ್ರಿ'ಗೆ ಎಷ್ಟು ಶಿಳ್ಳೆ ಬಿತ್ತು, ಯಾವ ಚಿತ್ರ ಎಷ್ಟು ದಿನಕ್ಕೆ ಎಷ್ಟು ಕೋಟಿ ಬಾಚಿತು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಈ ವರ್ಷ ಎಷ್ಟು ಜನ ಹೆಂಗಸರು ಟಾಕೀಸಿನ ಮೆಟ್ಟಿಲು ಹತ್ತಿದರು, ಹತ್ತದವರು ಏಕೆ ಹತ್ತಲಿಲ್ಲ ಎಂಬ ಲೆಕ್ಕ ಮಾತ್ರ ಯಾರಿಗೂ ಬೇಡ. ಕೇಳಿದರೆ ಉತ್ತರ ಸಿದ್ಧವಾಗಿದೆ: "ಲೇಡೀಸ್ ಆಡಿಯನ್ಸ್ ಈಗ ಬರಲ್ಲ ರೀ, ಅವರೆಲ್ಲ ಮನೇಲಿ ಸೀರಿಯಲ್ ನೋಡ್ತಾರೆ."

ಈ ಮಾತಿಗೆ ನನ್ನ ತಕರಾರಿದೆ. ಬೇಗೂರು ರಸ್ತೆಗೆ ಸೇರುವ ಬೊಮ್ಮನಹಳ್ಳಿಯ ಒಂದು ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಕೆಳಗೆ ನಾಲ್ಕು ಬಾಡಿಗೆ ಮನೆಗಳು, ಮೇಲೆ ನಾವು. ಬಾಡಿಗೆಗಿರುವ ಹೆಂಗಸರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಮಂಡ್ಯ, ಕನಕಪುರದ ಕಡೆಯವರು, ಈಚೆಗೆ ರಾಯಚೂರಿನ ಕಡೆಯವರೂ ಬಂದಿದ್ದಾರೆ. ಸಿನಿಮಾ ಹುಚ್ಚು ನನಗೆ ಎಷ್ಟಿದೆಯೋ ಅವರಿಗೂ ಅಷ್ಟೇ ಇದೆ. ಅವರ ಮೊಬೈಲುಗಳಲ್ಲಿ ಹೊಸ ಹಾಡು, ಬಾಯಲ್ಲಿ ಹೊಸ ಡೈಲಾಗು, ಗೋಡೆಯ ಕ್ಯಾಲೆಂಡರಿನಲ್ಲಿ ಪುನೀತ್ ರಾಜ್‌ಕುಮಾರ್. ಅವರು ಸಿನಿಮಾ ಬಿಟ್ಟಿಲ್ಲ, ಸಿನಿಮಾದವರು ಅವರನ್ನು ಬಿಟ್ಟಿದ್ದಾರೆ.

ಆದ್ದರಿಂದ 2025ನೇ ಇಸವಿಯಲ್ಲಿ ನಾನು ಮೆಚ್ಚಿದ ಚಿತ್ರಗಳ ಪಟ್ಟಿಯನ್ನು ನಾನೇ ಕೊಡುತ್ತೇನೆ. ಕೋಟಿ ಎಣಿಸುವವರಿಗೆ ಅವರದೊಂದು ಅಳತೆಗೋಲಾದರೆ ನನಗೆ ನನ್ನದೊಂದು. ತೆರೆಯ ಮೇಲೆ ಯಾವ ಹೆಂಗಸು ಬಂದರೂ ಎರಡು ಪ್ರಶ್ನೆ ಕೇಳುತ್ತೇನೆ. ಇವಳು ಹಗಲಿಡೀ ಏನು ಮಾಡುತ್ತಾಳೆ? ಇವಳ ಮಾತನ್ನು ಯಾರಾದರೂ ಕೇಳುತ್ತಾರೆಯೇ? ಈ ಎರಡು ಪ್ರಶ್ನೆಗೆ ಎಷ್ಟೋ ದೊಡ್ಡ ಚಿತ್ರಗಳು ತೊದಲುತ್ತವೆ.

ಮೊದಲ ಸ್ಥಾನ 'ಸು ಫ್ರಮ್ ಸೋ'ಗೆ. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾಗಿ ಗುರೂಜಿಯ ಪಾತ್ರವನ್ನೂ ಮಾಡಿದ ಈ ಚಿತ್ರ ಜುಲೈ 25ರಂದು ತೆರೆಕಂಡಿತು. ದೊಡ್ಡ ನಾಯಕನಿಲ್ಲ, ಬಾಯಿಂದ ಬಾಯಿಗೆ ಹರಡಿದ ಮಾತೇ ಪ್ರಚಾರ. ನಮ್ಮ ಓಣಿಯಿಂದ ಐವರು ಒಂದು ಭಾನುವಾರ ಹೋಗಿ ನೋಡಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಕರಾವಳಿಯ ಹಳ್ಳಿ. ಹುಡುಗನೊಬ್ಬ ಬಚ್ಚಲಿಗೆ ಇಣುಕಿ ಸಿಕ್ಕಿಬೀಳುವಂತಾದಾಗ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವ ಸೋಮೇಶ್ವರದ ಸುಲೋಚನಾ ಎಂದು ಊರು ನಂಬಿಬಿಡುತ್ತದೆ. ಸುಲೋಚನಾಳಿಗೆ ಭಾನು ಎಂಬ ಮಗಳಿದ್ದಾಳೆ. ಅವಳು ಜೀವಂತ ಇದ್ದಾಳೆ, ಕಷ್ಟದಲ್ಲಿದ್ದಾಳೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಮುಖದ ಮೇಲೊಂದು ದಣಿವಿಟ್ಟುಕೊಂಡು ಮಾಡಿದ್ದಾರೆ.

ನಕ್ಕು ಮುಗಿದ ಮೇಲೆ ನನಗೆ ಚುಚ್ಚಿದ್ದು ಇಷ್ಟು. ಸತ್ತ ಸುಲೋಚನಾಳ ಹೆಸರು ಕೇಳಿದರೆ ಊರಿಗೆ ಊರೇ ನಡುಗುತ್ತದೆ. ಬದುಕಿರುವ ಭಾನುವಿನ ಸಂಕಟ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಮಗಳ ನೋವು ಊರಿಗೆ ಕಾಣಿಸಬೇಕಾದರೆ ತಾಯಿ ದೆವ್ವವಾಗಿ ಬರಬೇಕು, ಅದೂ ಒಬ್ಬ ಗಂಡಸಿನ ಮೈಮೇಲೆ! ಚಿತ್ರ ಇದನ್ನು ತಿಳಿದೇ ಹೇಳಿದೆ, ಆದ್ದರಿಂದಲೇ ಅದಕ್ಕೆ ನನ್ನ ಮೊದಲ ಸ್ಥಾನ. ಆದರೆ ಆ ಬಚ್ಚಲಿಗೆ ಇಣುಕಿದ್ದನ್ನು ನಾವೆಲ್ಲ ತಮಾಷೆ ಎಂದು ಮುಂದೆ ಹೋದೆವಲ್ಲ, ಅದನ್ನು ಮಾತ್ರ ಗಂಟಲಲ್ಲಿ ಇಳಿಸಿಕೊಳ್ಳುವುದು ಕಷ್ಟ. ಸೀಟಿನಿಂದ ಏಳುವಾಗ ಮಂಡ್ಯದ ಹುಡುಗಿ ಕೇಳಿದಳು: "ಅಕ್ಕಾ, ಇಣುಕಿ ನೋಡಿದ್ದು ಅವನು, ದೆವ್ವ ಅಂತ ಹೆಸರು ಬಂದಿದ್ದು ಅವಳಿಗೆ. ಇದ್ಯಾವ ನ್ಯಾಯ?" ಇಷ್ಟು ಚೊಕ್ಕ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಲಿಲ್ಲ.

ಎರಡನೆಯದು ಮಲಯಾಳಂನ 'ಲೋಕಾ'. ಆಗಸ್ಟ್ 28ರಂದು ಬಂದ ಡೊಮಿನಿಕ್ ಅರುಣ್ ಅವರ ಈ ಚಿತ್ರದ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಕಲ್ಯಾಣಿ ಪ್ರಿಯದರ್ಶನ್ ಮಾಡಿದ ಚಂದ್ರಾ ರಾತ್ರಿ ಪಾಳಿಯಲ್ಲಿ ದುಡಿಯುವ ಹುಡುಗಿ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ನಡೆಯುವುದು ಎಂದರೇನು ಎಂದು ಹೊಸೂರು ರಸ್ತೆಯ ಹುಡುಗಿಯರಿಗೆ ಯಾರೂ ವಿವರಿಸಬೇಕಿಲ್ಲ. ಹಿಂದೆ ಬರುವ ಬೈಕು ನಿಧಾನವಾದರೆ ಬೆನ್ನು ತಾನೇ ಸೆಟೆದುಕೊಳ್ಳುತ್ತದೆ. ಚಂದ್ರಾಳ ಬೆನ್ನು ಸೆಟೆಯುವುದಿಲ್ಲ, ಎದುರಿನವನ ಬೆನ್ನು ಮುರಿಯುತ್ತದೆ. ಏಕೆಂದರೆ ಅವಳು ಮನುಷ್ಯಳಲ್ಲ, ಯಕ್ಷಿ. ಕೇರಳದ ಕಥೆಗಳಲ್ಲಿ ಗಂಡಸರ ರಕ್ತ ಹೀರುವ ಕಳ್ಳಿಯಂಕಾಟ್ಟು ನೀಲಿಯನ್ನು ಈ ಚಿತ್ರ ಕಾಯುವವಳನ್ನಾಗಿ ಮಾಡಿದೆ. ನೋಡಿ ಖುಷಿಪಟ್ಟೆ. ಮೊದಲು ಅದರಲ್ಲಿ ಬೆಂಗಳೂರಿನ ಹುಡುಗಿಯರ ಬಗ್ಗೆ ಒಂದು ಕೀಳು ಮಾತಿತ್ತು. ಕನ್ನಡಿಗರು ಎದ್ದು ಕೇಳಿದ ಮೇಲೆ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ ಅದನ್ನು ತೆಗೆಯಿತು. ಕೇಳಿದರೆ ಆಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಆ ವರ್ಷದ ಅತಿ ದೊಡ್ಡ ಕನ್ನಡ ಚಿತ್ರ. ಅದು ನನ್ನ ಪಟ್ಟಿಯಲ್ಲಿ ಇಲ್ಲ, ಆದರೆ ಅದರ ಎರಡು ಸಂಗತಿ ಇವೆ. ಒಂದು, ಕನಕವತಿಯಾಗಿ ರುಕ್ಮಿಣಿ ವಸಂತ್. ನಾಯಕನ ಹಿಂದೆ ಸುತ್ತುವ ಗೊಂಬೆಯಾಗದೆ ಎದುರಾಳಿಯಾಗಿ ನಿಲ್ಲುವ ಪಾತ್ರ ನಮ್ಮ ನಟಿಯರಿಗೆ ಅಪರೂಪ. ಇನ್ನೊಂದು, ಪ್ರಗತಿ ಶೆಟ್ಟಿಯವರ ವಸ್ತ್ರವಿನ್ಯಾಸ. ನಮ್ಮ ಬೊಮ್ಮನಹಳ್ಳಿಯವರಿಗೆ ತೆರೆಯ ಮೇಲೆ ಮುಖಕ್ಕಿಂತ ಮೊದಲು ಹೊಲಿಗೆ ಕಾಣುತ್ತದೆ. ಕೂಲಿ ಹೆಂಗಸಿನ ಪಾತ್ರಕ್ಕೆ ಅಳತೆ ತೆಗೆದು ಹೊಲಿದ ಪ್ರಿನ್ಸೆಸ್ ಕಟ್ ರವಿಕೆ ತೊಡಿಸಿದರೆ ಕೆಳಗಿನ ಮನೆಯ ಹುಡುಗಿಯರು ಮೊದಲ ದೃಶ್ಯಕ್ಕೇ ಚಿತ್ರವನ್ನು ಫೇಲ್ ಮಾಡಿಬಿಡುತ್ತಾರೆ. ಇಂಥ ಕಣ್ಣಿರುವ ಪ್ರೇಕ್ಷಕರನ್ನು ಲೆಕ್ಕಕ್ಕೇ ಹಿಡಿಯದ ಉದ್ಯಮ ನಮ್ಮದು!

ಈಗ ಈ ಮೂರನ್ನೂ ಸಾಲಾಗಿ ಇಟ್ಟು ನೋಡಿ. ದೆವ್ವ, ಯಕ್ಷಿ, ರಾಜಕುಮಾರಿ. ಆ ವರ್ಷ ಜನ ಮುಗಿಬಿದ್ದು ನೋಡಿದ ಈ ಚಿತ್ರಗಳಲ್ಲಿ ಹೆಣ್ಣಿನ ಮಾತಿಗೆ ಬೆಲೆ ಬಂದದ್ದು ಅವಳು ಸತ್ತಿದ್ದರೆ, ಅಮಾನುಷಳಾಗಿದ್ದರೆ, ಇಲ್ಲವೇ ಅರಮನೆಯಲ್ಲಿ ಹುಟ್ಟಿದ್ದರೆ. ಬೆಳಿಗ್ಗೆ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಎಂಟೂವರೆಗೆ ಕಾರ್ಡ್ ಪಂಚ್ ಮಾಡಿ, ಸಂಜೆ ಸೊಪ್ಪು ಕೊಂಡು ಮನೆಗೆ ಬರುವವಳಿಗೆ ಎಲ್ಲಿಯ ಶಕ್ತಿ ಎಂದು ಕಥೆಗಾರರು ತೀರ್ಮಾನಿಸಿಬಿಟ್ಟಿದ್ದಾರೆ.

ಇದು ಶುದ್ಧ ಸುಳ್ಳು, ಇದಕ್ಕೆ ನಮ್ಮ ಬೊಮ್ಮನಹಳ್ಳಿಯೇ ಸಾಕ್ಷಿ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆಗೆ, ಮನೆಯ ಸಾಲಕ್ಕೆ, ಆಸ್ಪತ್ರೆಗೆ ಆ ದುಡ್ಡನ್ನೇ ನಂಬಿದ್ದವರು ಗಾರ್ಮೆಂಟ್ಸ್ ಹೆಂಗಸರು. ಏಪ್ರಿಲ್ 18ರಂದು ಅವರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯಲ್ಲಿ ಕೂತರು. ಸಾವಿರ ಸಾವಿರ ಹೆಂಗಸರು. ಎಲೆಕ್ಟ್ರಾನಿಕ್ ಸಿಟಿಯ ಬಸ್ಸುಗಳು, ಕಾರುಗಳು ಸಾಲುಗಟ್ಟಿ ನಿಂತವು. ಅವರನ್ನು ಕರೆತಂದ ದೊಡ್ಡ ನಾಯಕರಿಲ್ಲ, ಮೈಕಿಲ್ಲ, ಶಾಮಿಯಾನವಿಲ್ಲ. ಮರುದಿನ ಕೆಲವು ಕಡೆ ಕಲ್ಲು ತೂರಾಟವಾಯಿತು, ಬಸ್ಸುಗಳು ಸುಟ್ಟವು, ಲಾಠಿ ಬೀಸಿತು. ಅದೇ ದಿನ ದೆಹಲಿ ನಿಯಮ ಹಿಂತೆಗೆದುಕೊಂಡಿತು. ಎರಡೇ ದಿನ! ಬೊಮ್ಮನಹಳ್ಳಿಯ ಹೊಲಿಗೆಯವರು ಕೂತದ್ದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬಿತ್ತು.

ಇದರಲ್ಲಿ ಸಿನಿಮಾ ಇಲ್ಲವೇ? ಬಿಸಿಲು, ಜನ, ಭಯ, ಗೆಲುವು, ಮನೆಗೆ ಹೋದ ಮೇಲೆ ಗಂಡನ ಬೈಗಳು, ಎಲ್ಲವೂ ಇದೆ. ದೆವ್ವ ಬೇಡ, ಯಕ್ಷಿ ಬೇಡ. ಆದರೂ ಇದನ್ನು ಕಥೆ ಮಾಡಿದ ಒಂದು ಕನ್ನಡ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಡಿದರೂ ಅವರ ಪರವಾಗಿ ಒಬ್ಬ ನಾಯಕ ಹಾರಿ ಬಂದು ಇಳಿಯುತ್ತಾನೋ ಎಂದು ನನಗೆ ಹೆದರಿಕೆ.

ಸುಮ್ಮನೆ ಕೂತ ಹೆಂಗಸಿನ ಶಕ್ತಿ ಎಂಥದು ಎಂದು ತೋರಿಸಿದ ಚಿತ್ರ ನಮ್ಮಲ್ಲಿ ಇಲ್ಲದೆ ಇಲ್ಲ. 2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹುಡುಕಿಕೊಂಡು ಮತ್ತೆ ನೋಡಿದ್ದು 'ಹಸೀನಾ'. ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ ತೆರೆಗೆ ತಂದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆಟೋ ಓಡಿಸುವ ಗಂಡ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಕೈಬಿಟ್ಟಾಗ ಹಸೀನಾ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ. ಅವಳ ಮೈಮೇಲೆ ಯಾರೂ ಬರುವುದಿಲ್ಲ. ಅವಳೇ ಅವಳು. ಹಳೆಯ ಚಿತ್ರವಾದರೂ ನನ್ನ ಪಟ್ಟಿಯಲ್ಲಿ ಮೂರನೆಯದು ಅದೇ. ಆ ವರ್ಷ ನನ್ನನ್ನು ನಿದ್ದೆಗೆಡಿಸಿದ್ದು ಅದು.

ನಾಲ್ಕು ಮತ್ತು ಐದು, ಮಕ್ಕಳ ಚಿತ್ರಗಳು ಎನ್ನಿ, ದೊಡ್ಡವರ ಚಿತ್ರಗಳು ಎನ್ನಿ. ಮಾರ್ಚ್ 7ರಂದು ಬಂದ ಸುಮಂತ್ ಭಟ್ ಅವರ 'ಮಿಥ್ಯ'ದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈ ಬಿಟ್ಟು ಉಡುಪಿ ಕಡೆಯ ಬಂಧುಗಳ ಮನೆಗೆ ಬರುತ್ತಾನೆ. ಅವನ ದುಃಖ ಅಳುವಾಗಿ ಬರುವುದಿಲ್ಲ. ಮೌನವಾಗಿ, ಸಿಟ್ಟಾಗಿ ಬರುತ್ತದೆ. ಪರರ ಮಗುವನ್ನು ಒಳಗೆ ಕರೆದುಕೊಳ್ಳುವುದು ಎಂದರೆ ದಿನಾ ಒಂದು ತಟ್ಟೆ ಹೆಚ್ಚು, ಒಂದು ಜೊತೆ ಬಟ್ಟೆ ಹೆಚ್ಚು, ಒಂದು ಭಯ ಹೆಚ್ಚು ಎಂದು ಆ ಚಿತ್ರಕ್ಕೆ ಗೊತ್ತಿದೆ. ಜುಲೈ 4ರಂದು ಬಂದ 'ಹೆಬ್ಬುಲಿ ಕಟ್' ಭೀಮರಾವ್ ಅವರದು. ಸುದೀಪ್ 2017ರ 'ಹೆಬ್ಬುಲಿ'ಯಲ್ಲಿ ಮಾಡಿಸಿಕೊಂಡಿದ್ದ ಕ್ಷೌರ ತನಗೂ ಬೇಕೆಂದು ಹಂಬಲಿಸುವ ಹುಡುಗನ ಕಥೆ. ಅಡ್ಡ ಬರುವುದು ದುಡ್ಡೊಂದೇ ಅಲ್ಲ, ಜಾತಿ. ಬಾಗಿಲು ತೆರೆದೇ ಇದೆ, ಕುರ್ಚಿ ಖಾಲಿಯೇ ಇದೆ, ಆದರೆ ನಿನಗಲ್ಲ. ಈ ಮಾತು ಸಿನಿಮಾ ಮಂದಿರದ ಬಾಗಿಲಿಗೂ ಹೊಂದುತ್ತದೆ. ಅಲ್ಲಿ ತಡೆಯುವುದು ದುಡ್ಡು.

ನಾವು ಐವರು ಹೋದೆವು ಎಂದೆನಲ್ಲ, ಹೊರಟವರು ಆರು ಜನ. ಕೊನೆಯ ಗಳಿಗೆಯಲ್ಲಿ ಹಿಂದುಳಿದವಳು ಎರಡು ಮಕ್ಕಳ ತಾಯಿ. ಟಿಕೆಟ್ಟು ತಲೆಗೆ ಮುನ್ನೂರರ ಹತ್ತಿರ ಎಂದು ಗೊತ್ತಾದಾಗ ಅವಳು ನಗುತ್ತಲೇ ಹೇಳಿದಳು: "ಮುನ್ನೂರು ರೂಪಾಯಿಗೆ ಮಗಳ ಸ್ಕೂಲ್ ವ್ಯಾನಿನ ಅರ್ಧ ದುಡ್ಡಾಗುತ್ತೆ ಅಕ್ಕಾ. ನೀವು ನೋಡ್ಕೊಂಡು ಬಂದು ಕಥೆ ಹೇಳಿ, ಅಷ್ಟು ಸಾಕು." ನಮ್ಮ ಅಜ್ಜಿಯರು ಹಾಗೆಯೇ ಸಿನಿಮಾ ನೋಡುತ್ತಿದ್ದರು, ಇನ್ನೊಬ್ಬರ ಬಾಯಿಂದ. ಮನೆ ಬಾಗಿಲಿಗೆ ಮೆಟ್ರೋ ಬಂದ ಕಾಲದಲ್ಲೂ ಹಾಗೇ ನೋಡಬೇಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದು ಬೊಮ್ಮನಹಳ್ಳಿಗೇ ಒಂದು ನಿಲ್ದಾಣ ಬಂತು. ಮಂದಿರದ ಬಾಗಿಲವರೆಗೆ ನಮ್ಮನ್ನು ತಲುಪಿಸಲು ಎಲ್ಲ ಏರ್ಪಾಟೂ ಆಯಿತು. ಬಾಗಿಲ ಒಳಗೆ ಹೋಗುವುದೇ ಉಳಿದದ್ದು.

ಅದಕ್ಕೂ ಒಂದು ಪ್ರಯತ್ನ ನಡೆಯಿತು. 2025ರ ಮಾರ್ಚಿನ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ಹೇಳಿತು. ಸೆಪ್ಟೆಂಬರ್ 12ರಂದು ನಿಯಮ ಹೊರಟಿತು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಹತ್ತು ದಿನ ಕಳೆಯುವುದರೊಳಗೆ 'ಕಾಂತಾರ' ಬಂತು. ಬೆಂಗಳೂರಿನ ಕೆಲವು ಮಲ್ಟಿಪ್ಲೆಕ್ಸ್‌ಗಳಲ್ಲಿ ಟಿಕೆಟ್ಟು ಸಾವಿರ ದಾಟಿತು. ಮಲ್ಟಿಪ್ಲೆಕ್ಸಿನವರ ವಾದವೂ ನನಗೆ ಗೊತ್ತು. ಬಂಡವಾಳ ಹಾಕಿದ್ದೇವೆ, ಎ.ಸಿ. ಇದೆ, ಒರಗುವ ಕುರ್ಚಿ ಇದೆ ಎನ್ನುತ್ತಾರೆ. ಸ್ವಾಮಿ, ಒರಗುವ ಕುರ್ಚಿಗೆ ಬೇಕಾದಷ್ಟು ತೆಗೆದುಕೊಳ್ಳಿ. 75 ಅಥವಾ ಅದಕ್ಕೂ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ಆ ನಿಯಮವೇ ವಿನಾಯಿತಿ ಕೊಟ್ಟಿತ್ತು. ನಾವು ಒರಗಲು ಬರುವುದಿಲ್ಲ, ನೋಡಲು ಬರುತ್ತೇವೆ. ತಮಿಳುನಾಡಿನಲ್ಲಿ ಟಿಕೆಟ್ ದರಕ್ಕೆ ಸರ್ಕಾರದ ಮಿತಿ ಎಂದೋ ಬಂದಿದೆ. ನಮ್ಮ ಮನೆಯ ಮುಂದಿನ ಇದೇ ಹೊಸೂರು ರಸ್ತೆ ಅತ್ತಿಬೆಲೆ ದಾಟಿದರೆ ಸಾಧ್ಯವಾಗುವುದು ಇತ್ತ ಏಕೆ ಅಸಾಧ್ಯ?

ಏಕಪರದೆಯ ಟಾಕೀಸಿಗೆ ಹೋಗಿ ಎನ್ನುತ್ತೀರಾ? ಎಲ್ಲಿವೆ? ಗಾಂಧಿನಗರದ ಕಪಾಲಿ ಹೋಯಿತು. ಸದಾಶಿವನಗರದ ಕಾವೇರಿ 2024ರಲ್ಲಿ ಮುಚ್ಚಿತು. ಹೆಂಗಸರಿಗೆ ಬೇರೆ ಕೌಂಟರು, ಬೇರೆ ಸಾಲು ಇದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿಲ್ಲ. ಆಗ ನಿರ್ಮಾಪಕರು ನಮ್ಮ ಕೈಯ ಪುಸ್ತಕ ಇಣುಕಿ ನೋಡಿ ಸಿನಿಮಾ ಮಾಡುತ್ತಿದ್ದರು. ತ್ರಿವೇಣಿಯವರ ಕಾದಂಬರಿ 1971ರಲ್ಲಿ 'ಶರಪಂಜರ'ವಾಯಿತು, ಎಂ.ಕೆ. ಇಂದಿರಾ ಅವರದು 'ಗೆಜ್ಜೆಪೂಜೆ'ಯಾಯಿತು. ಅವರದೇ 'ಫಣಿಯಮ್ಮ'ವನ್ನು ಪ್ರೇಮಾ ಕಾರಂತ್ ತೆರೆಗೆ ತಂದರು. 2025ರ ಜುಲೈ 14ರಂದು ತೀರಿಕೊಂಡ ಬಿ. ಸರೋಜಾದೇವಿ 1961ರಲ್ಲೇ 'ಕಿತ್ತೂರು ಚೆನ್ನಮ್ಮ'ನಾಗಿ ಇಡೀ ಚಿತ್ರವನ್ನು ಹೊತ್ತಿದ್ದರು. ಹೆಣ್ಣಿನ ಕಥೆ ಓಡುವುದಿಲ್ಲ ಎನ್ನುವವರು ಈ ಹೆಸರುಗಳನ್ನು ಒಮ್ಮೆ ಓದಿಕೊಳ್ಳಲಿ.

ಇನ್ನು ಸೀರಿಯಲ್ ಮಾತು. ಸೀರಿಯಲ್ಲನ್ನು ನಾವು ನೋಡುವುದು ಅದು ಚೆನ್ನಾಗಿದೆ ಎಂದಲ್ಲ, ಅದು ನಾವಿದ್ದಲ್ಲಿಗೆ ಬರುತ್ತದೆ ಎಂದು. ಚಪಾತಿ ಲಟ್ಟಿಸುತ್ತ ಅರ್ಧ ಕಿವಿಯಲ್ಲಿ ಕೇಳಬಹುದು. ಮೊಬೈಲಿನಲ್ಲಿ ಸಿನಿಮಾ ನೋಡುವುದೂ ಅಷ್ಟೇ. ಕುಕ್ಕರಿನ ಪ್ರತಿ ಸೀಟಿಗೂ ನಿಲ್ಲಿಸಿ ಎದ್ದು ಹೋಗಬೇಕು. ಟಾಕೀಸಿನ ಕತ್ತಲೆ ಬೇರೆ. ಎರಡೂವರೆ ಗಂಟೆ ಅಲ್ಲಿ ಯಾರೂ "ಅಮ್ಮಾ, ನೀರು" ಎನ್ನುವುದಿಲ್ಲ, "ಇವತ್ತು ಸಾರು ಏನು" ಎಂದು ಕೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ವಾರದಲ್ಲಿ ಪೂರ್ತಿ ನಮ್ಮದಾದ ಎರಡೂವರೆ ಗಂಟೆ ಇನ್ನೆಲ್ಲೂ ಸಿಗುವುದಿಲ್ಲ. ನಾನು ಟಿಕೆಟ್ ದರದ ಬಗ್ಗೆ ಇಷ್ಟು ಜಗಳ ಆಡುವುದು ಪಾಪ್‌ಕಾರ್ನಿಗಾಗಿ ಅಲ್ಲ, ಆ ಎರಡೂವರೆ ಗಂಟೆಗಾಗಿ.

ಇನ್ನೊಂದು ಲೆಕ್ಕ ಕೇಳಿ. ಗಾರ್ಮೆಂಟ್ಸ್ ಹೆಂಗಸಿಗೆ ರಜೆ ಎಂದರೆ ಭಾನುವಾರ. ಸಣ್ಣ ಚಿತ್ರ ಶುಕ್ರವಾರ ಬಂದು ಮುಂದಿನ ಗುರುವಾರ ಎತ್ತಂಗಡಿಯಾದರೆ ಅದಕ್ಕೆ ಸಿಕ್ಕುವುದು ಒಂದೇ ಭಾನುವಾರ. ಆ ಭಾನುವಾರ ವಾರದ ಬಟ್ಟೆ ಒಗೆಯಬೇಕು, ರೇಷನ್ ತರಬೇಕು, ಮಕ್ಕಳ ತಲೆಗೆ ಎಣ್ಣೆ ಹಾಕಬೇಕು. ಚಿತ್ರ ಚೆನ್ನಾಗಿದೆ ಎಂಬ ಮಾತು ಲೈನಿನಿಂದ ಲೈನಿಗೆ, ಮೆಷಿನ್ನಿನಿಂದ ಮೆಷಿನ್ನಿಗೆ ಹರಡುವುದು ಸೋಮವಾರ. ಅವಳು ದುಡ್ಡು ಹೊಂದಿಸಿ ಎರಡನೇ ಭಾನುವಾರ ಹೊರಟರೆ ಚಿತ್ರವೇ ಇಲ್ಲ. 'ಮಿಥ್ಯ' ನೋಡಬೇಕೆಂದು ನಮ್ಮ ಓಣಿಯ ಇಬ್ಬರು ಎರಡನೇ ವಾರ ಹುಡುಕಿದರೆ ಹತ್ತಿರದ ಯಾವ ಪರದೆಯಲ್ಲೂ ಸಿಗಲಿಲ್ಲ. ಆಮೇಲೆ ಎನ್ನುತ್ತಾರೆ, ಹೆಂಗಸರು ಬರಲಿಲ್ಲ ಎಂದು. ಬಾಗಿಲು ಹಾಕಿದ ಮೇಲೆ ಬಂದವರನ್ನು ಬರಲಿಲ್ಲ ಎನ್ನುವುದು ಯಾವ ಊರಿನ ನ್ಯಾಯ?

ಆದ್ದರಿಂದ ನನ್ನ ಬೇಡಿಕೆ ಮೂರು. ಇನ್ನೂರರೊಳಗೆ ಒಂದು ಟಿಕೆಟ್, ಅದು ಭಾನುವಾರವೂ ಇರಲಿ. ಒಳ್ಳೆಯ ಕನ್ನಡ ಚಿತ್ರಕ್ಕೆ ಎರಡನೇ ಭಾನುವಾರ. ಮತ್ತು ತೆರೆಯ ಮೇಲೆ ಬದುಕಿರುವ, ದುಡಿಯುವ, ಮಾತಾಡುವ ಒಬ್ಬ ಹೆಂಗಸು. ಮೊದಲಿನ ಎರಡು ಕೊಟ್ಟರೆ ಮೂರನೆಯದು ತಾನಾಗಿ ಬರುತ್ತದೆ. ಕೊಳ್ಳುವವಳ ಮುಖ ನೋಡಿಯೇ ಅಂಗಡಿಯವನು ಸೀರೆ ಬಿಚ್ಚುವುದು.

ಓದುತ್ತಿರುವ ನಿಮಗೂ ಒಂದು ಮಾತು. ತುಮಕೂರಿರಲಿ, ಶಿವಮೊಗ್ಗವಿರಲಿ, ಹುಬ್ಬಳ್ಳಿಯಿರಲಿ, ನೀವೂ ಒಂದು ಪಟ್ಟಿ ಮಾಡಿ. ಐದೇ ಚಿತ್ರ ಸಾಕು. ಏಕೆ ಇಷ್ಟವಾಯಿತು ಎಂದು ಎರಡು ಸಾಲು ಬರೆದು ಪತ್ರಿಕೆಗೆ ಕಳಿಸಿ, ಊರಿನ ಮಂದಿರದ ಮ್ಯಾನೇಜರಿಗೆ ಕೊಡಿ, ಮಹಿಳಾ ಸಮಾಜದ ಸಭೆಯಲ್ಲಿ ಓದಿ. ಯಾವ ಚಿತ್ರವನ್ನು ನೋಡಲಾಗಲಿಲ್ಲ, ಏಕೆ ಎಂಬುದನ್ನು ಅದರ ಕೆಳಗೆ ತಪ್ಪದೆ ಬರೆಯಿರಿ. ನನಗೆ ಕೇಳಿದರೆ ಆ ಎರಡನೇ ಪಟ್ಟಿಯೇ ಹೆಚ್ಚು ಮುಖ್ಯ. ಬೆಂಗಳೂರಿನ ಹುಡುಗಿಯರ ಬಗ್ಗೆ ಆಡಿದ ಮಾತನ್ನು ಕೇಳಿದ್ದಕ್ಕೇ ತೆಗೆದರು. ಭವಿಷ್ಯನಿಧಿಯನ್ನು ಕೂತು ಕೇಳಿದ್ದಕ್ಕೇ ಬಿಟ್ಟರು. ಸಿನಿಮಾ ಮಂದಿರದ ಕುರ್ಚಿಯನ್ನೂ ಕೇಳಿಯೇ ಪಡೆಯಬೇಕು. ಸತ್ತು ದೆವ್ವವಾದ ಮೇಲೆ ಕೇಳೋಣವೆಂದರೆ, ಆಗ ಯಾರ ಮೈಮೇಲೆ ಜಾಗ ಸಿಗುತ್ತದೋ ಏನೋ!